ಸುಂಕ ಸೊನ್ನೆ ಇದ್ದರೂ ಲಾರಿ ಯಾಕೆ ನಿಂತಿತು?

ಪ್ರಶ್ನೆ: ನಾನು ಬೊಮ್ಮಸಂದ್ರದ ಒಂದು ಮಷೀನ್ ಶಾಪ್‌ನಲ್ಲಿ ಡಿಸ್ಪ್ಯಾಚ್ ನೋಡಿಕೊಳ್ಳುತ್ತೇನೆ. ಇಂಗ್ಲೆಂಡಿನ ಒಬ್ಬ ಗಿರಾಕಿಗೆ ಬಹಳ ವರ್ಷದಿಂದ ಟರ್ನಿಂಗ್ ಮಾಡಿದ ಬಿಡಿಭಾಗ ಕಳಿಸುತ್ತಿದ್ದೆವು. ಬ್ರೆಕ್ಸಿಟ್, ಅಂದರೆ ಬ್ರಿಟನ್ ಯುರೋಪಿಯನ್ ಒಕ್ಕೂಟದಿಂದ ಹೊರಬಂದದ್ದು, ಆದಮೇಲೆ ಅವರ ಆರ್ಡರ್ ಕಡಿಮೆ ಆಗುತ್ತಾ ಬಂತು. ಆದರೆ ಬ್ರಿಟನ್ ಮತ್ತು ಯುರೋಪ್ ನಡುವೆ ಸುಂಕವೇ ಇಲ್ಲ ಅಂತ ಒಪ್ಪಂದ ಆಗಿದೆಯಲ್ಲ? ಸುಂಕ ಇಲ್ಲ ಅಂದಮೇಲೆ ಕಾರ್ಖಾನೆಗಳಿಗೆ ತೊಂದರೆ ಎಲ್ಲಿಂದ ಬಂತು? 2019ರಲ್ಲಿ ಭಾರತ ಏಷ್ಯಾ–ಪೆಸಿಫಿಕ್ ದೇಶಗಳ ಆರ್‌ಸಿಇಪಿ ವ್ಯಾಪಾರ ಒಪ್ಪಂದ ಬೇಡ ಅಂತ ಎದ್ದು ಬಂದಿದ್ದೂ ಇದೇ ಥರದ್ದಾ?

ಉತ್ತರ: ನೀವು ಓದಿದ್ದು ನಿಜ. 2020ರ ಡಿಸೆಂಬರ್ 24ರಂದು ಬ್ರಿಟನ್ ಮತ್ತು ಯುರೋಪಿಯನ್ ಒಕ್ಕೂಟ ವ್ಯಾಪಾರ ಒಪ್ಪಂದಕ್ಕೆ ಬಂದವು. ಸುಂಕ ಸೊನ್ನೆ, ಕೋಟಾ ಇಲ್ಲ. ಒಂದೇ ವಾರದಲ್ಲಿ, 2021ರ ಜನವರಿ 1ರಿಂದ, ಅದು ಜಾರಿಗೂ ಬಂತು. ಆದರೆ ಅದೇ ದಿನ ಇನ್ನೊಂದು ಕೆಲಸವೂ ಆಯಿತು. 28 ವರ್ಷ ಗಡಿಯೇ ಇಲ್ಲದಂತೆ ಮಾಲು ಓಡಾಡಿದ ಜಾಗದಲ್ಲಿ ಮತ್ತೆ ಗಡಿ ಬಂತು. ಸುಂಕ ಇಲ್ಲದಿರುವುದು ಬೇರೆ, ಗಡಿ ಇಲ್ಲದಿರುವುದು ಬೇರೆ. ಕಾರ್ಖಾನೆಗೆ ಇವೆರಡರಲ್ಲಿ ಯಾವುದು ದೊಡ್ಡದು ಅಂತ ಕೇಳಿದರೆ, ಇಷ್ಟು ವರ್ಷ ಸಾಗಣೆ ಕೆಲಸ ಮಾಡಿದ ಮೇಲೆ ನಾನು ಹೇಳೋದು ಎರಡನೆಯದೇ.

ನಿಮಗೆ ಇದನ್ನು ಹೇಳೋದು ಸುಲಭ, ಯಾಕೆಂದರೆ ನೀವು ಇರೋದೇ ಅಂಥ ಜಾಗದಲ್ಲಿ. 2017ರ ಜುಲೈ 1ಕ್ಕೆ ಮೊದಲು ಬೊಮ್ಮಸಂದ್ರದಿಂದ ಹೊಸೂರಿಗೆ ಮಾಲು ಹೋಗುತ್ತಿದ್ದದ್ದನ್ನು ನೆನಪು ಮಾಡಿಕೊಳ್ಳಿ. ದೂರ ಇಪ್ಪತ್ತು ಕಿಲೋಮೀಟರ್ ಕೂಡ ಇಲ್ಲ. ಅತ್ತಿಬೆಲೆ ದಾಟಿದರೆ ತಮಿಳುನಾಡಿನ ಜೂಜುವಾಡಿ ಚೆಕ್‌ಪೋಸ್ಟ್. ರಾಜ್ಯದಿಂದ ರಾಜ್ಯಕ್ಕೆ ಮಾರುವಾಗ ಬೀಳುತ್ತಿದ್ದ ಸಿಎಸ್‌ಟಿ ತೆರಿಗೆ ಬರೀ ಶೇ 2 ಇತ್ತು, ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ತಲೆನೋವು ಇದ್ದದ್ದು ಆ ಶೇ 2ರ ದರ ಸಿಗೋಕೆ ಗಿರಾಕಿ ಕೊಡಬೇಕಿದ್ದ ಸಿ ಫಾರ್ಮ್‌ದು. ಮಾಲು ಕೊಟ್ಟು ತಿಂಗಳುಗಟ್ಟಲೆ ಗಿರಾಕಿಯ ಅಕೌಂಟ್ಸ್‌ನವರ ಬೆನ್ನು ಬೀಳಬೇಕಿತ್ತು. ಗಾಡಿ ಚೆಕ್‌ಪೋಸ್ಟ್ ದಾಟೋಕೆ ಅರ್ಧ ಗಂಟೆಯೋ ಅರ್ಧ ದಿನವೋ ಅಂತ ಯಾರಿಗೂ ಗೊತ್ತಿರುತ್ತಿರಲಿಲ್ಲ. ಜಿಎಸ್‌ಟಿ ಬಂದು ಆ ಚೆಕ್‌ಪೋಸ್ಟ್, ಸಿ ಫಾರ್ಮ್ ಎರಡೂ ಹೋದವು. ಈಗ ಇದನ್ನು ತಿರುಗಿಸಿ ನೋಡಿ. ಚೆಕ್‌ಪೋಸ್ಟ್ ಇಲ್ಲ ಅಂತ ನಂಬಿಕೊಂಡು ಮೂರು ದಶಕ ಕಾರ್ಖಾನೆ ಕಟ್ಟಿದ್ದೀರಿ. ಒಂದು ಬೆಳಗ್ಗೆ ಎದ್ದರೆ ಚೆಕ್‌ಪೋಸ್ಟ್ ವಾಪಸ್ ಬಂದಿದೆ. ಬ್ರಿಟನ್ನಿನ ಕಾರ್ಖಾನೆಗಳಿಗೆ ಆದದ್ದು ಇದು.

ಕಾರ್ಖಾನೆಗಳು ಆ ನಂಬಿಕೆಯ ಮೇಲೆ ಎಷ್ಟು ಕಟ್ಟಿದ್ದವು ಅನ್ನೋದಕ್ಕೆ ಒಂದೇ ಒಂದು ಬಿಡಿಭಾಗದ ಕಥೆ ಸಾಕು. ಮಿನಿ ಕಾರಿನ ಕ್ರ್ಯಾಂಕ್‌ಶಾಫ್ಟ್ ತಗೊಳ್ಳಿ. ಅದರ ಎರಕ ಆಗುತ್ತಿದ್ದದ್ದು ಫ್ರಾನ್ಸ್‌ನಲ್ಲಿ. ಅಲ್ಲಿಂದ ಇಂಗ್ಲಿಷ್ ಚಾನೆಲ್ ದಾಟಿ ಬರ್ಮಿಂಗ್‌ಹ್ಯಾಮ್ ಹತ್ತಿರದ ಹ್ಯಾಮ್ಸ್ ಹಾಲ್‌ನ ಬಿಎಂಡಬ್ಲ್ಯು ಎಂಜಿನ್ ಘಟಕಕ್ಕೆ ಬರುತ್ತಿತ್ತು, ಅಲ್ಲಿ ಡ್ರಿಲ್ಲಿಂಗ್ ಮಿಲ್ಲಿಂಗ್ ಎಲ್ಲಾ. ಆಮೇಲೆ ಮತ್ತೆ ಕಡಲು ದಾಟಿ ಜರ್ಮನಿಯ ಮ್ಯೂನಿಕ್‌ಗೆ, ಎಂಜಿನ್ ಒಳಗೆ ಕೂರೋಕೆ. ಆ ಎಂಜಿನ್ ಮೂರನೇ ಸಲ ಕಡಲು ದಾಟಿ ಆಕ್ಸ್‌ಫರ್ಡ್‌ಗೆ, ಕಾರಿನ ಒಳಗೆ ಕೂರೋಕೆ. ಆ ಕಾರು ಯುರೋಪಿನಲ್ಲಿ ಮಾರಾಟ ಆದರೆ ನಾಲ್ಕನೇ ಸಲ. ಇದರಲ್ಲಿ ಹುಚ್ಚುತನ ಏನೂ ಇಲ್ಲ. ಯಾವ ಕೆಲಸ ಎಲ್ಲಿ ಚೆನ್ನಾಗಿ, ಅಗ್ಗವಾಗಿ ಆಗುತ್ತೋ ಅಲ್ಲಿ ಮಾಡಿಸಿದ್ದರು. ಗಡಿ ದಾಟೋಕೆ ಖರ್ಚೂ ಇಲ್ಲ, ಕಾಯೋದೂ ಇಲ್ಲ ಅಂದಾಗ ಯಾರಾದರೂ ಹೀಗೇ ಮಾಡುತ್ತಾರೆ. ನಾಲ್ಕೂ ಸಲ ಕಾಗದ ಬೇಕು, ನಾಲ್ಕೂ ಸಲ ಕಾಯಬೇಕಾಗಬಹುದು ಅಂದಾಗ ಮಾತ್ರ ಲೆಕ್ಕ ಬದಲಾಗುತ್ತದೆ.

ಕಾಯೋದು ಅಂದರೆ ಏನು ಅಂತ ಹೋಂಡಾದವರು 2017ರ ನವೆಂಬರ್‌ನಲ್ಲಿ ಬ್ರಿಟನ್ ಸಂಸತ್ತಿನ ಸಮಿತಿಯ ಮುಂದೆ ಬಿಡಿಸಿ ಹೇಳಿದರು. ಸ್ವಿಂಡನ್‌ನ ಅವರ ಕಾರ್ಖಾನೆಗೆ ಯುರೋಪಿನಿಂದ ದಿನಕ್ಕೆ ಸುಮಾರು 350 ಲಾರಿ ಬರುತ್ತಿದ್ದವು. ಕಾರ್ಖಾನೆಯಲ್ಲಿ ಆ ಬಿಡಿಭಾಗಗಳ ಸ್ಟಾಕ್ ಇರುತ್ತಿದ್ದದ್ದು ಒಂದು ಗಂಟೆಗೆ ಆಗುವಷ್ಟು. ಒಂದೇ ಗಂಟೆ! ಲಾರಿ ಬಂದು ನಿಂತ ಹಾಗೇ ಮಾಲು ಲೈನಿಗೆ ಹೋಗಬೇಕು. ನಿಮ್ಮ ಕಡೆಯೂ ದೊಡ್ಡ ಗಾಡಿ ಕಂಪನಿಗಳಿಗೆ ಮಾಲು ಕೊಡುವವರನ್ನು ಕೇಳಿ, ಲೈನ್ ನಿಂತರೆ ದಂಡ ನಿಮಿಷದ ಲೆಕ್ಕದಲ್ಲಿ ಅಂತ ಹೇಳುತ್ತಾರೆ. ಹಾಗಾಗಿ ಗಡಿಯಲ್ಲಿ ಲಾರಿ ಸರಾಸರಿ ಎಷ್ಟು ಹೊತ್ತು ನಿಲ್ಲುತ್ತೆ ಅನ್ನೋದು ಕಾರ್ಖಾನೆಗೆ ಮುಖ್ಯವೇ ಅಲ್ಲ. ಪ್ರತಿ ಸಲ ಖಚಿತವಾಗಿ ಎರಡು ಗಂಟೆ ನಿಲ್ಲುತ್ತೆ ಅಂದರೆ ಎರಡು ಗಂಟೆ ಮೊದಲು ಹೊರಡಿಸುತ್ತಾರೆ, ಮುಗೀತು. ಒಂದು ದಿನ ಹತ್ತು ನಿಮಿಷ, ಇನ್ನೊಂದು ದಿನ ಎರಡು ದಿನ ಅಂದರೆ ಏನು ಮಾಡಬೇಕು? ಎರಡು ದಿನದ ಮಾಲು ಗೋಡೌನ್‌ನಲ್ಲಿ ಇಟ್ಟುಕೊಳ್ಳಬೇಕು. ಗೋಡೌನ್‌ಗೆ ಬಾಡಿಗೆ, ಮಾಲಿನಲ್ಲಿ ಸಿಕ್ಕಿಕೊಂಡ ದುಡ್ಡಿಗೆ ಬಡ್ಡಿ, ಅದನ್ನು ನೋಡಿಕೊಳ್ಳೋಕೆ ಜನ. ಇದ್ಯಾವುದೂ ಸುಂಕ ಅಲ್ಲ, ಆದರೆ ಎಲ್ಲಾ ಸೇರಿ ಸುಂಕದಷ್ಟೇ ಭಾರ. ಸುಂಕವಾದರೆ ಸರ್ಕಾರದ ಖಜಾನೆಗಾದರೂ ಹೋಗುತ್ತಿತ್ತು. ಇದು ಯಾರ ಕೈಗೂ ಸೇರದೆ ಸೋರಿ ಹೋಗುವ ದುಡ್ಡು.

ಈಗ ನಾನೇ ಕಣ್ಣಾರೆ ಕಂಡ ಒಂದು ದಿನದ ವಿಷಯ ಹೇಳುತ್ತೇನೆ. 2021ರ ಜನವರಿ ಎರಡನೇ ವಾರ. ಆಗ ನಾನು ಬರ್ಮಿಂಗ್‌ಹ್ಯಾಮ್ ಹತ್ತಿರದ ಒಂದು ಬಿಡಿಭಾಗದ ಕಾರ್ಖಾನೆಯಲ್ಲಿ ಸಾಗಣೆ ನೋಡಿಕೊಳ್ಳುತ್ತಿದ್ದೆ. ಜರ್ಮನಿಗೆ ಏಳು ಪ್ಯಾಲೆಟ್ (ಮಾಲು ಇಡುವ ಮರದ ಹಲಗೆ) ಉಕ್ಕಿನ ಬ್ರಾಕೆಟ್ ಹೊರಡಬೇಕಿತ್ತು. ಎರಡು ವಾರ ಕೂತು ಕಾಗದ ಮಾಡಿದ್ದೆವು. ಕಸ್ಟಮ್ಸ್‌ನಲ್ಲಿ ಕಂಪನಿಯ ಗುರುತಿನ ಇಒಆರ್‌ಐ ನಂಬರ್, ಮಾಲಿನ ವರ್ಗ ಹೇಳುವ ಎಚ್‌ಎಸ್ ಕೋಡ್, ಎಲ್ಲಿ ತಯಾರಾಯಿತು ಅನ್ನುವ ಮೂಲದ ಘೋಷಣೆ, ಕಸ್ಟಮ್ಸ್ ಏಜೆಂಟರ ಡಿಕ್ಲರೇಷನ್, ಒಂದೂ ಬಿಟ್ಟಿರಲಿಲ್ಲ. ಸಂಜೆ ನಾಲ್ಕಕ್ಕೇ ಕತ್ತಲಾಗಿತ್ತು. ಡ್ರೈವರ್ ಟಾರ್ಚ್ ಹಿಡಿದು ಬಗ್ಗಿದ. ಕಾಗದ ಕೇಳಲಿಲ್ಲ, ಪ್ಯಾಲೆಟ್‌ಗಳ ಬುಡ ನೋಡುತ್ತಾ ಹೋದ. ಐದಕ್ಕೆ ಮುದ್ರೆ ಇತ್ತು, ಎರಡಕ್ಕೆ ಇರಲಿಲ್ಲ. ಗೋಧಿ ತೆನೆಯ ಗುರುತು, ಪಕ್ಕದಲ್ಲಿ ಎಚ್‌ಟಿ ಅಂತ ಇರುತ್ತದಲ್ಲ, ಅದೇ ಮುದ್ರೆ. ಮರದ ಒಳಗಿನ ತಿರುಳನ್ನು 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿದ್ದಾರೆ, ಹುಳ ಇಲ್ಲ ಅನ್ನೋದಕ್ಕೆ ಸಾಕ್ಷಿ. ನಿಮಗೆ ಇದು ಹೊಸದಲ್ಲ. ಬೆಂಗಳೂರಿನಿಂದ ಹೊರಡುವ ಪ್ರತಿ ಮರದ ಪೆಟ್ಟಿಗೆಗೂ ನೀವು ಹಾಕಿಸಿಯೇ ಕಳಿಸುತ್ತೀರಿ. ಆದರೆ ಆ ಕಾರ್ಖಾನೆಯವರಿಗೆ ಜರ್ಮನಿ ಅಂದರೆ ಪಕ್ಕದ ಬೀದಿ ಇದ್ದ ಹಾಗೆ. ಕೈಗೆ ಸಿಕ್ಕ ಪ್ಯಾಲೆಟ್ ಮೇಲೆ ಮಾಲು ಇಟ್ಟು ಕಳಿಸಿಯೇ ಅಭ್ಯಾಸ. ಡ್ರೈವರ್ ಆ ಎರಡನ್ನು ಹತ್ತಿಸಿಕೊಳ್ಳಲಿಲ್ಲ. ಅವನದು ತಪ್ಪಲ್ಲ, ಫ್ರಾನ್ಸ್‌ನ ಕ್ಯಾಲೇ ಬಂದರಿನಲ್ಲಿ ಸಿಕ್ಕಿಬಿದ್ದರೆ ಗಾಡಿಯೇ ನಿಲ್ಲುತ್ತದೆ. ಮುದ್ರೆ ಇರುವ ಪ್ಯಾಲೆಟ್‌ಗೆ ಆ ವಾರ ಎಲ್ಲರೂ ಹುಡುಕಾಡುತ್ತಿದ್ದರು. ನಮಗೆ ಸಿಕ್ಕಿದ್ದು ಎರಡು ದಿನದ ಮೇಲೆ. ಅಷ್ಟು ಹೊತ್ತಿಗೆ ಜರ್ಮನಿಯ ಗಿರಾಕಿ ನಾಲ್ಕು ಸಲ ಫೋನ್ ಮಾಡಿದ್ದ. ಐದನೇ ಸಲ ಮಾಡಲಿಲ್ಲ. ಆ ಮೌನ ನನಗೆ ಇನ್ನೂ ನೆನಪಿದೆ.

ಅದಾಗಿ ಮೂರು ವಾರಕ್ಕೆ ಇನ್ನೊಂದು. ಈ ಸಲ ನಮ್ಮ ಮಾಲು, ಕಾಗದ, ಪ್ಯಾಲೆಟ್ ಎಲ್ಲಾ ಸರಿ ಇತ್ತು. ಸಣ್ಣ ಲೋಡ್ ಆದ್ದರಿಂದ ಬೇರೆಯವರ ಮಾಲಿನ ಜೊತೆ ಒಂದೇ ಲಾರಿಯಲ್ಲಿ ಹಾಕಿದ್ದೆವು. ಅದೇ ಲಾರಿಯಲ್ಲಿದ್ದ ಇನ್ಯಾರದೋ ಕಾಗದದಲ್ಲಿ ತೂಕ ತಪ್ಪಿತ್ತು. ಲಾರಿ ಕ್ಯಾಲೇಯಲ್ಲಿ ಮೂರು ದಿನ ನಿಂತಿತು. ಒಂದು ಟ್ರೇಲರ್‌ನಲ್ಲಿ ಇಪ್ಪತ್ತು ಮೂವತ್ತು ಕಂಪನಿಗಳ ಮಾಲು ಇದ್ದರೆ ಎಲ್ಲರ ಕಾಗದವೂ ಸರಿ ಇದ್ದರೆ ಮಾತ್ರ ಒಬ್ಬರದು ದಾಟುತ್ತದೆ. ಆ ಜನವರಿಯಲ್ಲಿ ಡಿಪಿಡಿಯಂಥ ದೊಡ್ಡ ಪಾರ್ಸೆಲ್ ಕಂಪನಿಯೇ ಬ್ರಿಟನ್‌ನಿಂದ ಯುರೋಪಿಗೆ ರಸ್ತೆ ಸೇವೆಯನ್ನು ಕೆಲವು ದಿನ ನಿಲ್ಲಿಸಿಬಿಟ್ಟಿತ್ತು. ಹಾಲೆಂಡಿನ ಬಂದರಿನಲ್ಲಿ ಡ್ರೈವರ್‌ಗಳ ಬುತ್ತಿಯಲ್ಲಿದ್ದ ಹ್ಯಾಮ್ ಸ್ಯಾಂಡ್‌ವಿಚ್ ಕೂಡ ಕಿತ್ತಿಟ್ಟುಕೊಂಡಿದ್ದನ್ನು ಟೀವಿಯಲ್ಲಿ ತೋರಿಸಿದರು. ಹೊರಗಿನ ದೇಶದಿಂದ ಮಾಂಸ ತರುವಂತಿಲ್ಲ ಅನ್ನೋದು ಯುರೋಪಿನ ನಿಯಮ. ಬ್ರಿಟನ್ ಈಗ ಹೊರಗಿನ ದೇಶ.

ಇಲ್ಲಿ ಒಂದು ವಿಷಯವನ್ನು ಬಹಳ ಜನ ಗಮನಿಸಲಿಲ್ಲ. ಯುರೋಪ್ ಮೊದಲ ದಿನದಿಂದಲೇ ಪೂರ್ತಿ ತಪಾಸಣೆ ಶುರು ಮಾಡಿತು. ಬ್ರಿಟನ್ ತನ್ನ ಕಡೆಯ ತಪಾಸಣೆಯನ್ನು ಮತ್ತೆ ಮತ್ತೆ ಮುಂದೂಡಿತು. ಪೂರ್ತಿ ಕಸ್ಟಮ್ಸ್ ಡಿಕ್ಲರೇಷನ್ ಕೇಳಿದ್ದು 2022ರ ಜನವರಿಯಿಂದ, ಆಹಾರ ಮತ್ತು ಗಿಡಗಳ ಭೌತಿಕ ತಪಾಸಣೆ ಬಂದಿದ್ದು 2024ರ ಏಪ್ರಿಲ್ ಕೊನೆಗೆ. ಅಂಗಡಿಗಳಲ್ಲಿ ಮಾಲು ಖಾಲಿ ಆಗಬಾರದು ಅನ್ನೋ ಭಯ, ಅದು ಅರ್ಥವಾಗುತ್ತದೆ. ಆದರೆ ಫಲ ಏನಾಯ್ತು? ಬರ್ಮಿಂಗ್‌ಹ್ಯಾಮ್‌ನವನು ಜರ್ಮನಿಗೆ ಕಳಿಸೋಕೆ ಒದ್ದಾಡುತ್ತಿದ್ದಾಗ, ಜರ್ಮನಿಯವನು ಬರ್ಮಿಂಗ್‌ಹ್ಯಾಮ್‌ಗೆ ಹೆಚ್ಚುಕಡಿಮೆ ಮೊದಲಿನ ಹಾಗೇ ಕಳಿಸುತ್ತಿದ್ದ. ಇಂಗ್ಲೆಂಡಿನ ಸಣ್ಣ ಕಾರ್ಖಾನೆಗಳಿಗೆ ಹೊರಗಿನ ಗಿರಾಕಿಗಳು ದೂರವಾದರು, ಮನೆ ಬಾಗಿಲಿನ ಸ್ಪರ್ಧೆ ಮಾತ್ರ ಹಾಗೇ ಉಳಿಯಿತು.

ಈಗ ನಿಮ್ಮ ಆರ್ಡರ್ ವಿಷಯಕ್ಕೆ ಬರೋಣ. ಇದು ಮೂಲದ ನಿಯಮದ, ಅಂದರೆ ಮಾಲು ಯಾವ ದೇಶದಲ್ಲಿ ಹುಟ್ಟಿದ್ದು ಅಂತ ತೀರ್ಮಾನಿಸುವ ನಿಯಮದ ಕಥೆ. ಎಲ್ಲಕ್ಕಿಂತ ಕಡಿಮೆ ಜನಕ್ಕೆ ಅರ್ಥವಾಗಿದ್ದು, ಎಲ್ಲಕ್ಕಿಂತ ಜಾಸ್ತಿ ಬದಲಾವಣೆ ಮಾಡಿದ್ದು ಇದೇ.

ಸುಂಕ ಸೊನ್ನೆ ಅನ್ನೋದು ಬ್ರಿಟನ್‌ನಲ್ಲೋ ಯುರೋಪಿನಲ್ಲೋ ತಯಾರಾದ ಮಾಲಿಗೆ ಮಾತ್ರ. ಬ್ರಿಟನ್‌ನಿಂದ ಬಂದ ಮಾಲಿಗಲ್ಲ. ಈ ಎರಡಕ್ಕೂ ಇರುವ ವ್ಯತ್ಯಾಸ ಮೊದಲು ಲೆಕ್ಕಕ್ಕೇ ಬರುತ್ತಿರಲಿಲ್ಲ. ನಿಮ್ಮ ಪೆಟ್ಟಿಗೆ ಇಂಗ್ಲೆಂಡಿನ ಫೆಲಿಕ್ಸ್‌ಸ್ಟೋ ಬಂದರಿನಲ್ಲಿ ಇಳಿಯಿತು ಅಂತಿಟ್ಟುಕೊಳ್ಳಿ. ಅಲ್ಲಿ ಒಂದು ಸಲ ಯುರೋಪಿನ ಸುಂಕ ಕಟ್ಟಿದರೆ ಮುಗೀತು. ಆಮೇಲೆ ಅದು ಸ್ಟಟ್‌ಗಾರ್ಟ್‌ಗೆ ಹೋಗಲಿ, ಮಿಲಾನ್‌ಗೆ ಹೋಗಲಿ, ಯಾರೂ ಕೇಳುವಂತಿಲ್ಲ. ಹಾಗಾಗಿ ಎಷ್ಟೋ ಇಂಗ್ಲಿಷ್ ಕಂಪನಿಗಳು ಇಂಡಿಯಾದಿಂದ, ಚೀನಾದಿಂದ ಮಾಲು ತರಿಸಿ, ಇಂಗ್ಲೆಂಡಿನ ಗೋಡೌನ್‌ನಲ್ಲಿಟ್ಟು, ಪರೀಕ್ಷೆ ಮಾಡಿ, ಪ್ಯಾಕ್ ಬದಲಿಸಿ ಇಡೀ ಯುರೋಪಿಗೆ ಹಂಚುತ್ತಿದ್ದವು. 2021ರಿಂದ ಆ ದಾರಿ ಕಡಿದುಹೋಯಿತು. ನಿಮ್ಮ ಬಿಡಿಭಾಗ ಇಂಗ್ಲೆಂಡಿಗೆ ಬಂದಾಗ ಬ್ರಿಟನ್ ಸುಂಕ. ಅದನ್ನೇ ಜರ್ಮನಿಗೆ ಕಳಿಸಿದರೆ, ಇದು ಬ್ರಿಟನ್‌ನಲ್ಲಿ ಹುಟ್ಟಿದ್ದಲ್ಲ, ಬೆಂಗಳೂರಿನದು ಅಂತ ಇನ್ನೊಂದು ಸಲ ಯುರೋಪಿನ ಸುಂಕ. ಪ್ಯಾಕ್ ಬದಲಿಸಿದ ಮಾತ್ರಕ್ಕೆ ಮೂಲ ಬದಲಾಗಲ್ಲ.

ಇದಕ್ಕೆ ಎಲ್ಲರಿಗೂ ಗೊತ್ತಾದ ಉದಾಹರಣೆ ಒಂದು ಮಿಠಾಯಿ. ಇಂಗ್ಲೆಂಡಿನ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಅಂಗಡಿಗಳಲ್ಲಿ ಪರ್ಸಿ ಪಿಗ್ ಅಂತ ಮಕ್ಕಳ ಮಿಠಾಯಿ ಸಿಗುತ್ತದೆ. ಅದು ತಯಾರಾಗುತ್ತಿದ್ದದ್ದು ಜರ್ಮನಿಯಲ್ಲಿ. ಇಂಗ್ಲೆಂಡಿಗೆ ಬಂದಾಗ ಸುಂಕ ಇಲ್ಲ. ಅದೇ ಮಿಠಾಯಿಯನ್ನು ಇಂಗ್ಲೆಂಡಿನ ಗೋಡೌನ್‌ನಿಂದ ಐರ್ಲೆಂಡಿನ ತಮ್ಮದೇ ಅಂಗಡಿಗೆ ಕಳಿಸಿದರೆ ಸುಂಕ! ಯುರೋಪಿನ ಮಾಲು, ಯುರೋಪಿಗೇ ಹೋಗುತ್ತಿದೆ, ಆದರೂ ಸುಂಕ. ಬ್ರಿಟನ್‌ನಲ್ಲಿ ಅದಕ್ಕೆ ಏನೂ ಕೆಲಸ ಆಗಿಲ್ಲವಲ್ಲ, ಅದಕ್ಕೆ. ಆಗ ಎಷ್ಟೋ ಕಂಪನಿಗಳು ಯೋಚನೆ ಮಾಡಿ ಗೋಡೌನನ್ನೇ ನೆದರ್ಲೆಂಡ್ಸ್ ಕಡೆಗೆ ಸಾಗಿಸಿದವು. ನಿಮ್ಮ ಗಿರಾಕಿ ನಿಮ್ಮ ಮಾಲನ್ನು ಯುರೋಪಿಗೆ ಹಂಚುತ್ತಿದ್ದವರಾದರೆ, ಆ ಪಾಲು ಈಗ ಬೇರೆಯವರ ಕೈಲಿ ಇರುತ್ತದೆ. ಅವರಿಗೆ ನಿಮ್ಮ ಮೇಲೆ ಬೇಸರ ಅಂತ ಅಂದುಕೊಳ್ಳಬೇಡಿ. ಅವರು ನಿಂತ ಜಾಗವೇ ಬದಲಾಗಿದೆ.

ದಾರಿಯೇ ಇಲ್ಲ ಅಂತಲ್ಲ. ಸುಂಕ ಕಟ್ಟದೆ ಮಾಲು ಇಡಬಹುದಾದ ಬಾಂಡೆಡ್ ಗೋಡೌನ್‌ನಲ್ಲಿ ಇಟ್ಟರೆ, ಅಥವಾ ಮರುರಫ್ತಿಗೆ ಅಂತಲೇ ತರಿಸಿದ್ದು ಅಂತ ಮೊದಲೇ ಅನುಮತಿ ತಗೊಂಡರೆ, ಬ್ರಿಟನ್ ಸುಂಕ ತಪ್ಪಿಸಬಹುದು. ಯುರೋಪಿನದ್ದು ಮಾತ್ರ ಕಟ್ಟಬೇಕಾಗುತ್ತದೆ. ಆದರೆ ಅದಕ್ಕೆ ಲೆಕ್ಕ ಇಡೋಕೆ ಒಬ್ಬ ಪೂರ್ಣಾವಧಿ ಮನುಷ್ಯ ಬೇಕು. ಐನೂರು ಜನರ ಕಂಪನಿಗೆ ಅದು ಏನೂ ಅಲ್ಲ, ಹದಿನೈದು ಜನರ ಕಂಪನಿಗೆ ದೊಡ್ಡ ಹೊರೆ.

ಕಾರು ತಯಾರಿಯಲ್ಲಿ ಈ ಮೂಲದ ನಿಯಮ ಇನ್ನೂ ಗಟ್ಟಿ. ಪೆಟ್ರೋಲ್ ಕಾರಿನ ಬೆಲೆಯಲ್ಲಿ ಶೇ 55ರಷ್ಟಾದರೂ ಬ್ರಿಟನ್ ಅಥವಾ ಯುರೋಪಿನದ್ದೇ ಆಗಿರಬೇಕು. ಇಲ್ಲದಿದ್ದರೆ ಶೇ 10 ಸುಂಕ. 2017ರಲ್ಲಿ ಬ್ರಿಟನ್ ಕಾರಿನಲ್ಲಿ ಬ್ರಿಟನ್ ಬಿಡಿಭಾಗದ ಪಾಲು ಇದ್ದದ್ದು ಸುಮಾರು ಶೇ 44. ಯುರೋಪಿನ ಬಿಡಿಭಾಗವನ್ನೂ ತಮ್ಮದರ ಜೊತೆ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು ಅಂತ ಒಪ್ಪಂದದಲ್ಲಿ ಇರೋದರಿಂದ ಬಚಾವಾದರು. ಜಪಾನ್, ಟರ್ಕಿಯದ್ದನ್ನೂ ಸೇರಿಸಿಕೊಳ್ಳೋಕೆ ಬಿಡಿ ಅಂತ ಬ್ರಿಟನ್ ಕೇಳಿತ್ತು. ಯುರೋಪ್ ಒಪ್ಪಲಿಲ್ಲ. ವಿದ್ಯುತ್ ಕಾರಿಗೆ ತೊಂದರೆ ಜಾಸ್ತಿ, ಯಾಕೆಂದರೆ ಕಾರಿನ ಬೆಲೆಯ ದೊಡ್ಡ ಪಾಲು ಬ್ಯಾಟರಿ, ಬ್ಯಾಟರಿ ಹೆಚ್ಚಾಗಿ ಏಷ್ಯಾದ್ದು. ನಿಯಮ 2024ರ ಜನವರಿಯಿಂದ ಬಿಗಿ ಆಗಬೇಕಿತ್ತು. ಎರಡೂ ಕಡೆಯ ಕಾರು ಕಂಪನಿಗಳು ಗೋಗರೆದ ಮೇಲೆ 2023ರ ಡಿಸೆಂಬರ್‌ನಲ್ಲಿ ಮೂರು ವರ್ಷ, ಅಂದರೆ 2026ರ ಕೊನೆಯವರೆಗೆ ಮುಂದೆ ಹಾಕಿದರು.

ಹಾಗಾದರೆ ಮುಚ್ಚಿದ ಕಾರ್ಖಾನೆಗಳಿಗೆಲ್ಲ ಬ್ರೆಕ್ಸಿಟ್ ಕಾರಣವಾ? ಇಲ್ಲಿ ನಾನು ಹುಷಾರಾಗಿ ಮಾತಾಡಬೇಕು. ಸ್ವಿಂಡನ್‌ನ ಹೋಂಡಾ ಮುಚ್ಚುತ್ತೇವೆ ಅಂತ 2019ರ ಫೆಬ್ರವರಿಯಲ್ಲಿ ಹೇಳಿದರು, 2021ರ ಜುಲೈನಲ್ಲಿ ಕೊನೆ ಕಾರು ಹೊರಬಂತು. ಸುಮಾರು 3,500 ಜನ ಅಲ್ಲಿ ಕೆಲಸ ಮಾಡುತ್ತಿದ್ದರು. ಕಂಪನಿ ಹೇಳಿದ್ದು ಇದು ವಿದ್ಯುತ್ ಕಾರಿನ ಕಡೆ ಹೊರಳುವ ನಿರ್ಧಾರ, ಬ್ರೆಕ್ಸಿಟ್‌ಗೆ ಸಂಬಂಧ ಇಲ್ಲ ಅಂತ. ಅದನ್ನು ಸುಳ್ಳು ಅನ್ನೋಕೆ ನನ್ನ ಹತ್ತಿರ ಕಾರಣ ಇಲ್ಲ. ಅದೇ ಫೆಬ್ರವರಿ 1ರಂದು ಯುರೋಪ್ ಮತ್ತು ಜಪಾನ್ ನಡುವಿನ ಒಪ್ಪಂದ ಜಾರಿಗೆ ಬಂದಿತ್ತು, ಜಪಾನ್ ಕಾರಿನ ಮೇಲಿನ ಶೇ 10 ಸುಂಕ ವರ್ಷ ವರ್ಷ ಇಳಿದು ಸೊನ್ನೆ ಆಗುತ್ತದೆ ಅಂತ ಅದರಲ್ಲಿದೆ. ಸುಂಕ ತಪ್ಪಿಸಿಕೊಳ್ಳೋಕೆ ಅಂತ ಇಂಗ್ಲೆಂಡಿನಲ್ಲಿ ಕಾರ್ಖಾನೆ ಇಟ್ಟುಕೊಳ್ಳುವ ಅಗತ್ಯವೇ ಕಡಿಮೆ ಆಯಿತು. ವೇಲ್ಸ್‌ನ ಬ್ರಿಡ್ಜೆಂಡ್‌ನಲ್ಲಿ ಫೋರ್ಡ್ ಎಂಜಿನ್ ಕಾರ್ಖಾನೆ 2020ರ ಸೆಪ್ಟೆಂಬರ್‌ನಲ್ಲಿ ಮುಚ್ಚಿತು, ಅಲ್ಲೂ ಗಿರಾಕಿ ಕಳೆದುಕೊಂಡಿದ್ದು, ಪೆಟ್ರೋಲ್ ಎಂಜಿನ್‌ಗೆ ಬೇಡಿಕೆ ಬಿದ್ದದ್ದು ಇತ್ತು. 2016ರಲ್ಲಿ ಬ್ರಿಟನ್‌ನಲ್ಲಿ 17.2 ಲಕ್ಷ ಕಾರು ತಯಾರಾದವು, 2022ರಲ್ಲಿ 7.75 ಲಕ್ಷ, 1956ರ ನಂತರ ಅಷ್ಟು ಕಡಿಮೆ ಆಗಿರಲಿಲ್ಲ. ಆದರೆ ಆ ಆರು ವರ್ಷದಲ್ಲಿ ಕೋವಿಡ್ ಬಂತು, ಚಿಪ್ ಕೊರತೆ ಬಂತು. ಎಲ್ಲವನ್ನೂ ಬ್ರೆಕ್ಸಿಟ್ ತಲೆಗೆ ಕಟ್ಟೋದು ಅನ್ಯಾಯ.

ಬ್ರೆಕ್ಸಿಟ್ ಮಾಡಿದ್ದನ್ನು ನೋಡಬೇಕಾದರೆ ಮುಚ್ಚಿದ ಕಾರ್ಖಾನೆಗಿಂತ ಬಾರದೇ ಹೋದ ಲೈನ್ ಕಡೆ ನೋಡಬೇಕು. ಒಂದು ಕಾರು ಮಾದರಿ ಆರೇಳು ವರ್ಷ ನಡೆಯುತ್ತದೆ. ಅದು ಮುಗಿಯುವ ಎರಡು ಮೂರು ವರ್ಷ ಮೊದಲೇ ಮುಂದಿನದು ಎಲ್ಲಿ ಅಂತ ತೀರ್ಮಾನ ಆಗುತ್ತದೆ. ಜನಮತ ಆದದ್ದು 2016ರ ಜೂನ್ 23ರಂದು. ಹೊರಗೆ ಹೋಗೋದು 2019ರ ಮಾರ್ಚ್ 29 ಅಂದರು. ಅದು ಏಪ್ರಿಲ್ 12ಕ್ಕೆ ಹೋಯಿತು, ಆಮೇಲೆ ಅಕ್ಟೋಬರ್ 31ಕ್ಕೆ, ಆಮೇಲೆ 2020ರ ಜನವರಿ 31ಕ್ಕೆ. ಹೋದಮೇಲೂ ಸುಂಕ ಇರುತ್ತೋ ಇಲ್ಲವೋ ಅಂತ ಗೊತ್ತಾಗಿದ್ದು ಆ ವರ್ಷದ ಕ್ರಿಸ್‌ಮಸ್ ಹಿಂದಿನ ದಿನ. ಆಕ್ಸ್‌ಫರ್ಡ್‌ನ ಮಿನಿ ಕಾರ್ಖಾನೆಯವರು ಬೇಸಿಗೆಯ ವಾರ್ಷಿಕ ರಜೆಯನ್ನೇ 2019ರ ಏಪ್ರಿಲ್‌ಗೆ ಎಳೆದುಕೊಂಡಿದ್ದರು, ಮಾರ್ಚ್ 29ಕ್ಕೆ ಗಡಿಯಲ್ಲಿ ಗಲಾಟೆ ಆದರೆ ಲೈನ್ ಹೇಗೂ ನಿಂತಿರಲಿ ಅಂತ. ದಿನಾಂಕ ಮುಂದೆ ಹೋಯಿತು, ರಜೆ ಮುಂದೆ ಹಾಕೋಕೆ ಆಗಲಿಲ್ಲ. ಇಂಥ ನಾಲ್ಕೂವರೆ ವರ್ಷದಲ್ಲಿ ಯಾರು ತಾನೇ ಹೊಸ ಲೈನ್‌ಗೆ ದುಡ್ಡು ಹಾಕುತ್ತಾರೆ? ಬ್ರಿಟನ್ನಿನ ಕಾರು ತಯಾರಕರ ಸಂಘದ ಲೆಕ್ಕದಲ್ಲಿ 2015ರಲ್ಲಿ ಘೋಷಣೆಯಾದ ಹೂಡಿಕೆ 250 ಕೋಟಿ ಪೌಂಡ್, 2018ರಲ್ಲಿ 59 ಕೋಟಿ ಪೌಂಡ್. ಆ 2018ರಲ್ಲಿ ಇನ್ನೂ ಗಡಿಯೂ ಬಂದಿರಲಿಲ್ಲ, ಒಂದು ಕಾಗದವೂ ಜಾಸ್ತಿ ಆಗಿರಲಿಲ್ಲ. ಮುಂದೇನು ಅಂತ ಗೊತ್ತಿಲ್ಲದ್ದೇ ಅಷ್ಟು ಮಾಡಿತ್ತು.

ಹಾಗಂತ ಎಲ್ಲಾ ಮುಳುಗಿಹೋಯ್ತು ಅಂತ ಹೇಳಲ್ಲ. ಸಂಡರ್‌ಲ್ಯಾಂಡ್‌ನ ನಿಸಾನ್ 2019ರಲ್ಲಿ ಎಕ್ಸ್-ಟ್ರೇಲ್ ಅಲ್ಲಿ ಮಾಡಲ್ಲ ಅಂತ ಕೈ ಬಿಟ್ಟರೂ, ಸುಂಕ ಇಲ್ಲದ ಒಪ್ಪಂದ ಆದಮೇಲೆ 2021ರ ಜುಲೈನಲ್ಲಿ ಬ್ಯಾಟರಿ ಕಾರ್ಖಾನೆ ಸೇರಿ 100 ಕೋಟಿ ಪೌಂಡ್ ಯೋಜನೆ ಘೋಷಿಸಿತು. ನಮ್ಮ ಟಾಟಾದವರು 2023ರಲ್ಲಿ ಸಾಮರ್‌ಸೆಟ್‌ನಲ್ಲಿ 400 ಕೋಟಿ ಪೌಂಡ್‌ನ ಬ್ಯಾಟರಿ ಕಾರ್ಖಾನೆ ಕಟ್ಟುತ್ತೇವೆ ಅಂದರು. ದೊಡ್ಡವರಿಗೆ ಕಾಗದ ಮಾಡುವ ಇಲಾಖೆ ಇದೆ, ಸರ್ಕಾರದ ಜೊತೆ ಕೂತು ಮಾತಾಡುವ ಬಲ ಇದೆ. ಪೆಟ್ಟು ಬಿದ್ದದ್ದು ಸಣ್ಣವರಿಗೆ. ಏಜೆಂಟರು ಒಂದು ಡಿಕ್ಲರೇಷನ್‌ಗೆ ತಗೊಳ್ಳುವ ಮೂವತ್ತೋ ಐವತ್ತೋ ಪೌಂಡ್, ಲಾರಿಯಲ್ಲಿ 26 ಪ್ಯಾಲೆಟ್ ಇದ್ದರೂ ಅಷ್ಟೇ, ಒಂದೇ ಪೆಟ್ಟಿಗೆ ಇದ್ದರೂ ಅಷ್ಟೇ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸಂಶೋಧಕರು 2024ರಲ್ಲಿ ಲೆಕ್ಕ ಹಾಕಿದ ಪ್ರಕಾರ, ಯುರೋಪಿಗೆ ರಫ್ತು ಮಾಡುತ್ತಿದ್ದ ಸುಮಾರು 16,400 ಬ್ರಿಟಿಷ್ ಕಂಪನಿಗಳು ಆ ವ್ಯಾಪಾರವನ್ನೇ ಪೂರ್ತಿ ಬಿಟ್ಟವು. ಅವುಗಳಲ್ಲಿ ಹೆಚ್ಚಿನವು ಚಿಕ್ಕವು. ಇಡೀ ದೇಶದ ಮಟ್ಟದಲ್ಲಿ ಹೇಳಬೇಕಾದರೆ, ಬ್ರಿಟನ್ ಬಜೆಟ್‌ನ ಲೆಕ್ಕ ನೋಡುವ ಸ್ವತಂತ್ರ ಸಂಸ್ಥೆ ಒಬಿಆರ್, ಒಕ್ಕೂಟದಲ್ಲೇ ಇದ್ದಿದ್ದರೆ ಆಗುತ್ತಿದ್ದದ್ದಕ್ಕಿಂತ ಆಮದು ರಫ್ತು ಶೇ 15, ಉತ್ಪಾದಕತೆ ಶೇ 4 ಕಡಿಮೆ ಇರುತ್ತದೆ ಅಂತ ಇಟ್ಟುಕೊಂಡೇ ಲೆಕ್ಕ ಹಾಕುತ್ತದೆ.

ನಿಯಮಗಳ ಮಾತೂ ಸ್ವಲ್ಪ ಹೇಳಿಬಿಡುತ್ತೇನೆ. ಹೊರಗೆ ಬಂದರೆ ನಮ್ಮದೇ ನಿಯಮ ಮಾಡಿಕೊಳ್ಳಬಹುದು ಅನ್ನೋದು ದೊಡ್ಡ ಆಸೆ ಆಗಿತ್ತು. ಮಾಲು ಯುರೋಪಿನ ಸುರಕ್ಷತಾ ನಿಯಮಕ್ಕೆ ಸರಿ ಇದೆ ಅನ್ನುವ ಸಿಇ ಗುರುತಿನ ಬದಲು ಯುಕೆಸಿಎ ಅಂತ ಹೊಸ ಗುರುತು ತಂದರು. ಕಾರ್ಖಾನೆಗಳು ಹೊಸ ಪರೀಕ್ಷೆ ಮಾಡಿಸಿದವು, ಹೊಸ ಅಚ್ಚು ಮಾಡಿಸಿದವು, ಗಡುವು ಮೇಲೆ ಗಡುವು ಬದಲಾಯಿತು. ಕೊನೆಗೆ 2023ರ ಆಗಸ್ಟ್‌ನಲ್ಲಿ, ಹೆಚ್ಚಿನ ಸಾಮಾನಿಗೆ ಸಿಇ ಗುರುತನ್ನೇ ಅನಿರ್ದಿಷ್ಟ ಕಾಲ ಒಪ್ಪುತ್ತೇವೆ ಅಂದರು. ಪಕ್ಕದಲ್ಲೇ ಅಷ್ಟು ದೊಡ್ಡ ಮಾರುಕಟ್ಟೆ ಇರುವಾಗ ಎರಡು ಥರದ ಮಾಲು ಮಾಡುವ ಖರ್ಚು ಯಾರೂ ಹೊರಲಾರರು. ಇದು ಮೊದಲೇ ಗೊತ್ತಾಗಬೇಕಿತ್ತು.

ಕೊನೆಗೆ ಆರ್‌ಸಿಇಪಿ. ಅದು ಇದೇ ಥರದ್ದಲ್ಲ. ಭಾರತ 2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಹೇಳಿದ್ದು ನಾವು ಸೇರಲ್ಲ ಅಂತ. ಚೀನಾದ ಮಾಲು ನುಗ್ಗುತ್ತೆ ಅನ್ನೋ ಭಯ ಕಾರ್ಖಾನೆಗಳಿಗಿತ್ತು, ನ್ಯೂಜಿಲೆಂಡಿನ ಹಾಲಿನ ಪುಡಿಯ ಭಯ ಹೈನುಗಾರರಿಗಿತ್ತು. ಆ ನಿರ್ಧಾರ ಸರಿಯೋ ತಪ್ಪೋ ಅನ್ನೋದು ಬೇರೆ ಚರ್ಚೆ. ಆದರೆ ಮರುದಿನ ಬೆಳಗ್ಗೆ ನಿಮ್ಮ ಒಂದು ಲಾರಿಯೂ ನಿಲ್ಲಲಿಲ್ಲ, ಯಾಕೆಂದರೆ ಆ ಒಪ್ಪಂದವನ್ನು ನಂಬಿ ಯಾರೂ ಏನೂ ಕಟ್ಟಿರಲಿಲ್ಲ. ಆಸಿಯಾನ್ (ಆಗ್ನೇಯ ಏಷ್ಯಾ ದೇಶಗಳ ಕೂಟ), ಜಪಾನ್, ಕೊರಿಯಾ ಜೊತೆ ಮೊದಲೇ ಇದ್ದ ಒಪ್ಪಂದಗಳೂ ಹಾಗೇ ಇದ್ದವು. ಬೇರೆ ಬೇರೆ ಮನೆಯಲ್ಲಿ ಇದ್ದವರು ಬೇರೆಯೇ ಇರುತ್ತೇವೆ ಅಂದ ಹಾಗೆ ಅದು. ಬ್ರೆಕ್ಸಿಟ್ ಅಂದರೆ ಒಟ್ಟು ಕುಟುಂಬ ಪಾಲಾದದ್ದು. ನೀವು ಹಳ್ಳಿ ಕಡೆ ನೋಡಿರುತ್ತೀರಿ, ಪಾಲಾಗುವಾಗ ಹೊಲ ಅಳೆದು ಹಂಚಿಕೊಳ್ಳೋದು ಕಷ್ಟ ಅಲ್ಲ. ಬಾವಿ ಅಣ್ಣನ ಪಾಲಿಗೆ ಬಂದು ಪಂಪ್‌ಸೆಟ್ ತಮ್ಮನ ಪಾಲಿಗೆ ಬಂದಾಗ, ಒಬ್ಬನ ಹೊಲಕ್ಕೆ ಇನ್ನೊಬ್ಬನ ಬದು ಹಾಯ್ದು ಹೋಗಬೇಕಾದಾಗ, ಆಗ ಶುರುವಾಗುತ್ತದೆ ನಿಜವಾದ ಕಷ್ಟ. ಇಬ್ಬರೂ ಒಳ್ಳೆಯವರೇ ಇರಬಹುದು. ಆದರೂ ನೀರು ಬಿಡುವ ಮೊದಲು ಪ್ರತಿ ಸಲ ಕೇಳಬೇಕು.

ಈಗ ನೀವು ಮಾಡಬಹುದಾದದ್ದು. ಸುಮ್ನೆ ಆರ್ಡರ್‌ಗೆ ಕಾಯುತ್ತಾ ಕೂರಬೇಡಿ, ಗಿರಾಕಿಗೆ ಒಂದು ಮೇಲ್ ಬರೆಯಿರಿ. ನಮ್ಮ ಬಿಡಿಭಾಗ ಕೊನೆಗೆ ಯಾವ ದೇಶದಲ್ಲಿ ಗಾಡಿಗೋ ಯಂತ್ರಕ್ಕೋ ಕೂರುತ್ತದೆ ಅಂತ ನೇರವಾಗಿ ಕೇಳಿ. ಬ್ರಿಟನ್‌ನಲ್ಲೇ ಅಂದರೆ 2025ರ ಜುಲೈ 24ರಂದು ಸಹಿಯಾದ ಭಾರತ–ಬ್ರಿಟನ್ ಒಪ್ಪಂದದಲ್ಲಿ ನಿಮ್ಮ ಎಚ್‌ಎಸ್ ಕೋಡ್‌ಗೆ ಏನಿದೆ ಅಂತ ನಿಮ್ಮ ಕಸ್ಟಮ್ಸ್ ಏಜೆಂಟ್ (ಸಿಎಚ್‌ಎ) ಹತ್ತಿರ ಕೂತು ನೋಡಿ. ಮೂಲದ ನಿಯಮದ ಅಧ್ಯಾಯವನ್ನು ಮೊದಲು ಓದಿ, ಸುಂಕದ ಪಟ್ಟಿ ಆಮೇಲೆ. ಜರ್ಮನಿಯಲ್ಲೋ ಫ್ರಾನ್ಸ್‌ನಲ್ಲೋ ಅಂದರೆ, ಇಂಗ್ಲೆಂಡ್ ಮುಟ್ಟದೆ ನೇರವಾಗಿ ರಾಟರ್‌ಡ್ಯಾಮ್‌ಗೋ ಹ್ಯಾಂಬರ್ಗ್‌ಗೋ ಕಳಿಸುತ್ತೇವೆ, ಬಿಲ್ ಮಾತ್ರ ನಿಮ್ಮ ಮೂಲಕವೇ ಆಗಲಿ ಅಂತ ಹೇಳಿ ನೋಡಿ. ಹಳೇ ಗಿರಾಕಿಯ ವ್ಯಾಪಾರವೂ ಉಳಿಯುತ್ತದೆ, ಮಾಲೂ ಒಂದೇ ಗಡಿ ದಾಟುತ್ತದೆ. ನಾನು ಕಂಡ ಇಬ್ಬರು ಇಂಗ್ಲಿಷ್ ವ್ಯಾಪಾರಿಗಳು ಹೀಗೇ ಮಾಡಿಕೊಂಡು ನಡೆಸುತ್ತಿದ್ದಾರೆ. ಅವರಲ್ಲಿ ಒಬ್ಬರಿಗೆ ಈ ದಾರಿ ತೋರಿಸಿದ್ದು ಕೊಯಮತ್ತೂರಿನ ಸಪ್ಲೈಯರ್‌ನ ಡಿಸ್ಪ್ಯಾಚ್‌ನಲ್ಲಿದ್ದ, ನಿಮ್ಮ ಹಾಗೇ ಪ್ರಶ್ನೆ ಕೇಳಿದ ಒಬ್ಬ ಹುಡುಗ.